ತೆಗೆಯುವವರು ಮತ್ತು ತೆಗೆಸಿಕೊಳ್ಳುವವರು

ಬೀದಿಯಲ್ಲಿ ಎದುರಾಗುವ, ಹೆಸರು ಗೊತ್ತಿಲ್ಲದ ಮನುಷ್ಯನ ಚಿತ್ರ ತೆಗೆಯುವುದಕ್ಕೆ ಧೈರ್ಯ ಬೇಕು ಎಂದು ಛಾಯಾಗ್ರಹಣವನ್ನು ಹವ್ಯಾಸವಾಗಿ ಹಿಡಿದ ನಮ್ಮ ತರುಣರು ಹೇಳುವುದುಂಟು. ಬೀದರ ಕೋಟೆಯ ಮುಂದೆ, ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಯ ಮುಂದೆ, ಹೊಲದಂಚಿನ ಸೂರ್ಯಾಸ್ತದ ಮುಂದೆ ಅವರ ಕೈ ನಡುಗುವುದಿಲ್ಲ. ವಾರದ ಸಂತೆಯಲ್ಲಿ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ಕುಳಿತ ಮುದುಕಿಯ ಮುಂದೆ ಮಾತ್ರ ಬೆರಳು ತಡೆಯುತ್ತದೆ. ಈ ತಡೆಯನ್ನು ಒಂದು ದೌರ್ಬಲ್ಯವೆಂದು ತಿಳಿದು ಅದನ್ನು ಗೆಲ್ಲುವ ಉಪಾಯಗಳನ್ನು ಬಲ್ಲವರು ಹೇಳಿಕೊಡುತ್ತಾರೆ. ದೂರದಿಂದಲೇ ಮುಖವನ್ನು ಹತ್ತಿರಕ್ಕೆಳೆಯುವ ಉದ್ದನೆಯ ಮಸೂರವನ್ನು ಬಳಸಬೇಕು; ಕ್ಯಾಮರಾವನ್ನು ಕಣ್ಣಿಗೇರಿಸದೆ ಹೊಟ್ಟೆಯ ಮಟ್ಟದಲ್ಲಿಯೇ ತೂಗಿಬಿಟ್ಟು ಗುಂಡಿಯೊತ್ತಬೇಕು; ಆ ವ್ಯಕ್ತಿಯ ಹಿಂದಿನ ಗೋಡೆಯನ್ನು ನೋಡುತ್ತಿರುವಂತೆ ನಟಿಸಬೇಕು; ಮೊಬೈಲಿನಲ್ಲಾದರೆ ಯಾರೊಡನೆಯೋ ಮಾತಾಡುತ್ತಿರುವಂತೆ ನಿಲ್ಲಬೇಕು. ಈ ಉಪಾಯಗಳನ್ನು ಒಂದರ ಹಿಂದೊಂದರಂತೆ ಕೇಳುತ್ತ ಹೋದರೆ ಜೇಬುಗಳ್ಳನಿಗೆ ಕೊಡುವ ಪಾಠದಂತೆ ಅವು ಕೇಳಿಸುತ್ತವೆ. ಏಕೆ ಹಾಗೆ ಕೇಳಿಸುತ್ತವೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಮಾತನ್ನೇ ನೋಡೋಣ. ನಾವು ಕನ್ನಡದಲ್ಲಿ ಫೋಟೋ ‘ತೆಗೆಯುತ್ತೇವೆ’. ನೆರೆಯ ತೆಲುಗರು ‘ತೀಸ್ತಾರು’, ಮರಾಠಿಗರು ‘ಕಾಢತಾತ’, ದಖನಿ ಉರ್ದುವಿನವರು ‘ಲೇತೆ’ ಅಥವಾ ‘ಖೀಂಚತೆ’. ನ್ಯಾಲ್ಕಲ್ ಸೀಮೆಯ ಒಂದೇ ಬಜಾರಿನಲ್ಲಿ ಕಿವಿಗೆ ಬೀಳುವ ಈ ನಾಲ್ಕೂ ಭಾಷೆಗಳು ಚಿತ್ರಗ್ರಹಣವನ್ನು ಒಂದು ಕಡೆಯಿಂದ ಏನನ್ನೋ ಹೊರಕ್ಕೆ ತೆಗೆದುಕೊಳ್ಳುವ, ಎಳೆದುಕೊಳ್ಳುವ ಕೆಲಸವೆಂದೇ ಕಂಡಿವೆ. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನು ಮೂಢನಂಬಿಕೆಯೆಂದು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಆ ಮಾತನ್ನು ಹುಟ್ಟಿಸಿದ ಅಳುಕು ಭಾಷೆಯೊಳಗೇ ಕುಳಿತಿದೆ.

ಆದರೆ ಇದೇ ಕ್ರಿಯಾಪದಕ್ಕೆ ಕನ್ನಡದಲ್ಲಿ ಇನ್ನೊಂದು ರೂಪವಿದೆ: ‘ತೆಗೆಸಿಕೊಳ್ಳುವುದು’. ತೆಗೆಯುವವನು ಬೇರೆ, ತೆಗೆಸಿಕೊಳ್ಳುವವರು ಬೇರೆ. ಆದರೂ ಕೆಲಸದ ಯಜಮಾನಿಕೆ ತೆಗೆಸಿಕೊಳ್ಳುವವರದು. ನಮ್ಮ ಹಿಂದಿನ ತಲೆಮಾರಿನವರು ಚಿತ್ರವನ್ನು ಬಲ್ಲದ್ದು ಹೆಚ್ಚಾಗಿ ಈ ರೂಪದಲ್ಲಿಯೇ. ಮದುವೆಯಾದ ಹೊಸದರಲ್ಲಿ, ಮಗುವಿಗೆ ಜವಳ ತೆಗೆಸುವ ಮೊದಲು, ಮಗ ದೂರದ ಊರಿಗೆ ನೌಕರಿಗೆ ಹೊರಟಾಗ, ಜಹೀರಾಬಾದಿಗೋ ಬೀದರಕ್ಕೋ ಹೋಗಿ, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ತಲೆ ಬಾಚಿಕೊಂಡು, ಪೌಡರು ಹಚ್ಚಿಕೊಂಡು, ಕುರ್ಚಿಯ ಕೈಯ ಮೇಲೆ ಕೈಯಿಟ್ಟು ಚಿತ್ರ ತೆಗೆಸಿಕೊಂಡು ಬರುತ್ತಿದ್ದರು. ಹಣ ಕೊಟ್ಟವರು ಅವರು. ಯಾವ ಸೀರೆ, ಯಾವ ರುಮಾಲು, ಯಾರು ಕೂರಬೇಕು, ಯಾರು ನಿಲ್ಲಬೇಕು ಎಂದು ತೀರ್ಮಾನಿಸಿದವರೂ ಅವರೇ. ಈ ಸಂಚಿಕೆಯಂತಹ ಸ್ಮರಣ ಸಂಪುಟಗಳಲ್ಲಿ ಅಚ್ಚಾಗುವ ಪದಾಧಿಕಾರಿಗಳ ಭಾವಚಿತ್ರಗಳೂ ಅದೇ ಜಾತಿಯವು. ತಮ್ಮ ಹತ್ತು ಚಿತ್ರಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, ಕೆಲವರು ಹದಿನೈದು ವರ್ಷ ಹಿಂದಿನದನ್ನೇ ಆರಿಸಿ, ಕಳಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ತನ್ನ ಮುಖ ಲೋಕಕ್ಕೆ ಹೇಗೆ ಕಾಣಬೇಕೆಂಬುದರಲ್ಲಿ ಮನುಷ್ಯನಿಗೆ ಒಂದು ಮಾತಿರಬೇಕು. ಬೀದಿಯ ಚಿತ್ರಗ್ರಹಣವು ಕಿತ್ತುಕೊಂಡದ್ದು ಈ ಒಂದು ಮಾತನ್ನು. ಅಲ್ಲಿ ತೆಗೆಯುವವನು ಮಾತ್ರ ಉಳಿದಿದ್ದಾನೆ.

ನಿಜಾಮರ ಸೀಮೆಯಲ್ಲಿಯೇ ಇದಕ್ಕೆ ಒಂದು ಹಳೆಯ ಸಾಕ್ಷಿಯಿದೆ. ಆರನೆಯ ನಿಜಾಮರ ಆಸ್ಥಾನದ ಚಿತ್ರಗ್ರಾಹಕರಾಗಿದ್ದ ರಾಜಾ ಲಾಲಾ ದೀನ್ ದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋವನ್ನು ತೆರೆದರು. ಎತ್ತರದ ಗೋಡೆಯ ಒಳಗಿದ್ದ ಆ ಸ್ಟುಡಿಯೋವನ್ನು ನಡೆಸಿದ್ದು ಒಬ್ಬ ಇಂಗ್ಲಿಷ್ ಮಹಿಳೆ. ಗೋಷೆಯಲ್ಲಿದ್ದ ಹೆಂಗಸರಿಗೆ ಚಿತ್ರ ಬೇಕಾಗಿತ್ತು, ಆದರೆ ಪರಪುರುಷನ ಕಣ್ಣು ಬೇಡವಾಗಿತ್ತು. ಈ ಎರಡನ್ನೂ ಒಟ್ಟಿಗೆ ಮನ್ನಿಸುವುದು ಸಾಧ್ಯವೆಂದು ಒಬ್ಬ ವೃತ್ತಿನಿರತ ಚಿತ್ರಗ್ರಾಹಕ ಅಂದೇ ಕಂಡುಕೊಂಡಿದ್ದ. ಆ ಮನ್ನಣೆ ಹಣವಂತರ ಮನೆಯ ಹೆಂಗಸರಿಗೆ ದೊರೆಯಿತು ಎಂಬುದನ್ನೂ ಸೇರಿಸಿ ಹೇಳಬೇಕು. ಬಡವರ ವಿಷಯದಲ್ಲಿ ಕ್ಯಾಮರಾ ನಡೆದುಕೊಂಡ ಬಗೆ ಬೇರೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ಪೀಪಲ್ ಆಫ್ ಇಂಡಿಯಾ’ದಲ್ಲಿ ಬ್ರಿಟಿಷ್ ಸರ್ಕಾರವು ಈ ದೇಶದ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿಟ್ಟಿತು. 1857ರ ದಂಗೆಯನ್ನು ಕಂಡ ಆಳುವವರಿಗೆ ಆಳಿಸಿಕೊಳ್ಳುವವರ ಮುಖಗಳ ಪರಿಚಯ ಬೇಕಾಗಿತ್ತು. 1876–78ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿ ವಿಲೋಬಿ ಹೂಪರ್ ಎಂಬ ಸೇನಾಧಿಕಾರಿ ಎಲುಬಿನ ಗೂಡಾಗಿದ್ದವರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದ. ಅಂದು ಬಳ್ಳಾರಿಯೂ ಆ ಪ್ರಾಂತದಲ್ಲಿಯೇ ಇತ್ತು. ಕನ್ನಡ ನಾಡು ಆ ಬರದಲ್ಲಿ ಬೆಂದಿತು. ಆ ಚಿತ್ರಗಳನ್ನು ಇಂದು ನೋಡುವವರಿಗೆ ಎದೆ ಹಿಂಡುತ್ತದೆ, ಆದರೆ ಕುಳಿತವರ ಹೆಸರು ಯಾವ ಚಿತ್ರದಡಿಯಲ್ಲಿಯೂ ಸಿಗುವುದಿಲ್ಲ. ಹೂಪರನಿಗೆ ಧೈರ್ಯದ ಕೊರತೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ಮುಂದೆ 1886ರಲ್ಲಿ ಬರ್ಮಾದಲ್ಲಿ ಮರಣದಂಡನೆಗೆ ನಿಂತ ಕೈದಿಗಳ ಕೊನೆಯ ಕ್ಷಣವನ್ನು ಚಿತ್ರಿಸಲು ಹೊರಟು ಆತ ವಿಚಾರಣೆಯನ್ನೂ ಎದುರಿಸಬೇಕಾಯಿತು.

ಆದ್ದರಿಂದ ಧೈರ್ಯವೆಂಬುದು ಇಲ್ಲಿ ನಮಗೆ ದಾರಿ ತೋರಿಸುವ ಪದವಾಗಲಾರದು. ಧೈರ್ಯ ಬೇಕಾಗುವುದು ಅಪಾಯವನ್ನು ಎದುರಿಸಲು. ಮೆಣಸಿನಕಾಯಿ ಮಾರುವ ಮುದುಕಿಯಿಂದ ಕ್ಯಾಮರಾ ಹಿಡಿದವನಿಗೆ ಯಾವ ಅಪಾಯ? ಹೆಚ್ಚೆಂದರೆ ನಾಲ್ಕು ಬೈಗುಳ. ಅಪಾಯವೇನಾದರೂ ಇದ್ದರೆ ಅದು ಅವಳ ಕಡೆಗಿದೆ: ಆ ಚಿತ್ರ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಅದರ ಕೆಳಗೆ ಏನು ಬರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲ. ನಮ್ಮ ಕಡೆ ಬೀಳ್ಕೊಡುವಾಗ ‘ವಿಶ್ವಾಸ ಇರ್ಲಿ’ ಎನ್ನುವ ಮಾತುಂಟು. ಆತ್ಮವಿಶ್ವಾಸದಲ್ಲಿರುವ ವಿಶ್ವಾಸವೇ ಅದು. ಆದರೆ ಇಲ್ಲಿ ಅದು ಒಬ್ಬರು ಇನ್ನೊಬ್ಬರ ಮೇಲೆ ಇಡುವ ಪ್ರೀತಿ ಮತ್ತು ನಂಬಿಕೆ. ಬೀದಿಯ ಚಿತ್ರಗ್ರಾಹಕನಿಗೆ ಬೇಕಾದ ವಿಶ್ವಾಸ ಈ ಎರಡನೆಯದು ಎಂದು ನಮ್ಮ ಅಭಿಪ್ರಾಯ. ಅದನ್ನು ಅವನು ತನ್ನೊಳಗೇ ಬೆಳೆಸಿಕೊಳ್ಳಲು ಬರುವುದಿಲ್ಲ. ಎದುರಿನವರು ಕೊಡಬೇಕು.

ಅದು ಹೇಗೆ ದೊರೆಯುತ್ತದೆ ಎಂಬುದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಜಹೀರಾಬಾದಿನ ಮಗ್ಗುಲಿಗೇ ಇರುವ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರನ್ನು ನಮ್ಮ ಸೀಮೆಯವರು ಸಾಮೆ, ನವಣೆ, ಸಜ್ಜೆಗಳ ಬೀಜ ಉಳಿಸಿದ ಸಂಸ್ಥೆಯೆಂದು ಬಲ್ಲರು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶರು ಮೈಸೂರಿನವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. 2023ರ ಮಾರ್ಚಿಯಲ್ಲಿ ತೀರಿಕೊಂಡರು. ಕ್ಯಾಮರಾವನ್ನು ವೃತ್ತಿಯಾಗಿ ಬಲ್ಲ ಆ ಮನುಷ್ಯ ಅದನ್ನು ಕೊಂಡೊಯ್ದು ಕೊಟ್ಟದ್ದು ಶಾಲೆಯ ಮೆಟ್ಟಿಲು ಹತ್ತದ, ಹೊಲದ ಕೂಲಿಯಿಂದ ಬದುಕಿದ ದಲಿತ ಹೆಣ್ಣುಮಕ್ಕಳ ಕೈಗೆ. ಅವರು ವಿಡಿಯೋ ಚಿತ್ರಗಳನ್ನು ತೆಗೆಯಲು ಕಲಿತರು. ಮುಂದೆ 2008ರಲ್ಲಿ ಮಾಚನೂರಿನಿಂದ ಪ್ರಸಾರ ಆರಂಭಿಸಿದ ‘ಸಂಘಂ ರೇಡಿಯೋ’ವನ್ನೂ ಇಂಥ ಹೆಣ್ಣುಮಕ್ಕಳೇ ನಡೆಸಿದರು.

ಕಲಿಯುವಾಗ ಇಂಗ್ಲಿಷಿನ ತಾಂತ್ರಿಕ ಪದಗಳು ಅವರ ನಾಲಗೆಗೆ ಹತ್ತಲಿಲ್ಲ. ತಮ್ಮದೇ ಪದಗಳನ್ನು ಮಾಡಿಕೊಂಡರು. ಕ್ಯಾಮರಾ ಮೇಲೆ ನಿಂತು ಕೆಳಗಿರುವವರನ್ನು ನೋಡಿದರೆ ಅದು ‘ಪಟೇಲ ಶಾಟ್’, ಏಕೆಂದರೆ ಊರಿನ ಪಟೇಲ ಕಟ್ಟೆಯ ಮೇಲೆ ಕುಳಿತು ತಮ್ಮನ್ನು ನೋಡುತ್ತಿದ್ದದ್ದು ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಅದು ಜೀತದಾಳಿನ ನೋಟ. ಅದಕ್ಕೆ ಅದೇ ಅರ್ಥದ ಹೆಸರು. ಕಣ್ಣಿಗೆ ಕಣ್ಣು ಸಮನಾದ ಮಟ್ಟದಲ್ಲಿ ತೆಗೆದರೆ ಅದು ‘ಸಂಘಂ ಶಾಟ್’, ಏಕೆಂದರೆ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ನೆಲದ ಮೇಲೆ ಕುಳಿತಿರುತ್ತಾರೆ. ಛಾಯಾಗ್ರಹಣದ ನೀತಿಯನ್ನು ಕುರಿತು ಬಂದ ದಪ್ಪ ಪುಸ್ತಕಗಳು ನೂರಾರು ಪುಟಗಳಲ್ಲಿ ಹೇಳುವುದನ್ನು ಈ ಮೂರು ಹೆಸರುಗಳು ಹೇಳಿಬಿಟ್ಟಿವೆ. ಕ್ಯಾಮರಾ ಎಲ್ಲಿ ನಿಲ್ಲುತ್ತದೆಂಬುದು ಊರಿನಲ್ಲಿ ಯಾರು ಎಲ್ಲಿ ನಿಲ್ಲಬಹುದು ಎಂಬುದರ ಮುಂದುವರಿಕೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇದೇ ಹೆಣ್ಣುಮಕ್ಕಳು ವಾರಂಗಲ್ಲಿಗೆ ಹೋಗಿ ಬಿ.ಟಿ. ಹತ್ತಿ ಬೆಳೆದ ರೈತರನ್ನು ಚಿತ್ರಿಸಿದರು. ಅಲ್ಲಿಯ ರೈತರು ಅವರಿಗೆ ಗುರುತಿನವರಲ್ಲ. ಒಂದು ಸಲ ಹೋಗಿ ಅಳುವ ಮುಖಗಳನ್ನು ತೆಗೆದುಕೊಂಡು ಬಂದಿದ್ದರೆ ಒಂದು ಚಿತ್ರವಾಗುತ್ತಿತ್ತು. ಅವರು ಬಿತ್ತನೆಯಿಂದ ಸುಗ್ಗಿಯವರೆಗೆ, ಮತ್ತೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಎಂದು ಹೋಗುತ್ತಲೇ ಇದ್ದರು. 2005ರಲ್ಲಿ ಹೊರಬಂದ ಅವರ ಚಿತ್ರದ ಹೆಸರಿನಲ್ಲಿಯೇ ಮೂರು ವರ್ಷಗಳ ಮಾತಿದೆ. ಬಿ.ಟಿ. ಹತ್ತಿಯ ಕುರಿತು ಅವರು ತೆಗೆದ ತೀರ್ಮಾನವನ್ನು ಒಪ್ಪದವರು ಇರಬಹುದು, ಅದು ಬೇರೆ ಚರ್ಚೆ. ಮೂರು ವರ್ಷ ಒಂದೇ ಬಾಗಿಲಿಗೆ ಹೋದವರಿಗೆ ಬಾಗಿಲ ಒಳಗಿನವರು ಅಪರಿಚಿತರಾಗಿ ಉಳಿಯುವುದಿಲ್ಲ ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕೇಳಿ ತೆಗೆದ ಚಿತ್ರ ಸತ್ತ ಚಿತ್ರ, ಎನ್ನುತ್ತಾರೆ ಕಲೆಯನ್ನು ಬಲ್ಲವರು. ‘ತೆಗೆಯಲೇ?’ ಎಂದೊಡನೆ ಮನುಷ್ಯ ಸೆಟೆದು ನಿಲ್ಲುತ್ತಾನೆ, ಸೆರಗು ಸರಿಮಾಡಿಕೊಳ್ಳುತ್ತಾಳೆ. ಮುಖದ ಮೇಲೆ ಆಡುತ್ತಿದ್ದ ಬದುಕು ಮಾಯವಾಗಿ ಫೋಟೋದ ಮುಖ ಬಂದು ಕೂರುತ್ತದೆ. ಈ ಮಾತನ್ನು ಹಗುರಾಗಿ ತಳ್ಳಲಾಗದು. ಅಮೆರಿಕದ ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮರಾವನ್ನು ಅಡಗಿಸಿಟ್ಟುಕೊಂಡು ಎದುರಿನ ಸೀಟಿನವರನ್ನು ಚಿತ್ರಿಸಿದ. ದಿನದ ದುಡಿಮೆ ಮುಗಿಸಿದ ಮುಖಗಳು ಯಾರೂ ನೋಡುತ್ತಿಲ್ಲವೆಂದು ಸಡಿಲಗೊಂಡಿರುವುದು ಆ ಚಿತ್ರಗಳಲ್ಲಿ ಕಾಣುವಂತೆ ಬೇರೆಲ್ಲಿಯೂ ಕಾಣುವುದು ಅಪರೂಪ. ಆದರೆ ಅವನ್ನು ಆತ ಪುಸ್ತಕವಾಗಿ ಪ್ರಕಟಿಸಿದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ನಮ್ಮವರೇ ಆದ ಟಿ.ಎಸ್. ಸತ್ಯನ್ ಮೈಸೂರಿನಲ್ಲಿ ಹುಟ್ಟಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಾಮಾನ್ಯ ಜನರ ನಡುವೆ ಕ್ಯಾಮರಾ ಹಿಡಿದು ಅಲೆದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಮಕ್ಕಳ ಚಿತ್ರಗಳಲ್ಲಿ ಎಷ್ಟೋ ಮಕ್ಕಳಿಗೆ ಕ್ಯಾಮರಾದ ಪರಿವೆಯೇ ಇಲ್ಲ. ಒಂದೊಂದಕ್ಕೂ ಅಪ್ಪಣೆ ಕೇಳಿ ನಿಂತಿದ್ದರೆ ಆ ಚಿತ್ರಗಳು ಇರುತ್ತಿರಲಿಲ್ಲ. ಆದರೂ ಅವನ್ನು ನೋಡಿದವರಿಗೆ ಯಾರೋ ಕದ್ದು ನೋಡಿದ್ದಾರೆ ಎನ್ನಿಸುವುದಿಲ್ಲ. ಮನೆಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಮಕ್ಕಳ ಆಟ ನೋಡುತ್ತಿದ್ದಾರೆ ಎನ್ನಿಸುತ್ತದೆ. ಬಚ್ಚಿಟ್ಟುಕೊಳ್ಳದೆ ಅಲ್ಲಿಯೇ ನಿಂತು, ಜನ ತನ್ನನ್ನು ಮರೆಯುವಷ್ಟು ಹೊತ್ತು ಕಾಯುವುದಕ್ಕೂ, ಜನಕ್ಕೆ ಕಾಣದಂತೆ ಅಡಗುವುದಕ್ಕೂ ಇರುವ ಅಂತರ ಅದು. ಕಾಯುವವನನ್ನು ಜನ ನೋಡಿರುತ್ತಾರೆ. ಬೇಡವೆನ್ನಿಸಿದರೆ ಎದ್ದು ಹೋಗುವ, ಮುಖ ತಿರುಗಿಸುವ, ಬೈಯುವ ಅವಕಾಶ ಅವರಿಗಿರುತ್ತದೆ.

ಕೇಳದೆ ತೆಗೆಯಲೇಬೇಕಾದ ಚಿತ್ರಗಳೂ ಉಂಟು. ಲಾಠಿಯೆತ್ತಿದ ಕೈಯನ್ನು ಅಪ್ಪಣೆ ಕೇಳಿ ಚಿತ್ರಿಸಲಾಗುವುದಿಲ್ಲ. ಲಂಚಕ್ಕೆ ಚಾಚಿದ ಕೈಯನ್ನೂ ಅಷ್ಟೆ. ಪಸ್ತಾಪುರದ ಹೆಣ್ಣುಮಕ್ಕಳ ಮಾತಿನಲ್ಲಿ ಹೇಳುವುದಾದರೆ, ಕಟ್ಟೆಯ ಮೇಲಿರುವ ಪಟೇಲನಿಗೆ ತನ್ನನ್ನು ಕಾಪಾಡಿಕೊಳ್ಳಲು ಬೇಕಾದಷ್ಟು ದಾರಿಗಳಿವೆ. ನಮ್ಮ ಅನುಮಾನವಿರುವುದು ಬೀದಿಯ ಚಿತ್ರಗ್ರಾಹಕರು ಈ ವಾದವನ್ನು ಬಳಸುವ ಬಗೆಯ ಮೇಲೆ. ಅಧಿಕಾರದ ಮುಖವನ್ನು ಬಯಲಿಗೆಳೆಯುವ ಹಕ್ಕಿನ ಹೆಸರು ಹೇಳಿ ಅವರು ತೆಗೆದು ತರುವುದು ಬಹುಪಾಲು ಭಿಕ್ಷುಕರ, ಸಾಧುಗಳ, ಬರಿಮೈ ಮಕ್ಕಳ, ಸುಕ್ಕುಗಟ್ಟಿದ ಮುದುಕಿಯರ ಚಿತ್ರಗಳನ್ನು. ತಹಸೀಲ್ದಾರರ ಮುಖದಲ್ಲಿಯೂ ಸುಕ್ಕುಗಳಿರುತ್ತವೆ. ಅವನ್ನು ಉದ್ದನೆಯ ಮಸೂರದಿಂದ ತೆಗೆದು ಪ್ರದರ್ಶನಕ್ಕಿಟ್ಟವರನ್ನು ನಾವು ಕಂಡಿಲ್ಲ.

ಒಳ್ಳೆಯ ಉದ್ದೇಶವಿದ್ದರೆ ಸಾಕೇ ಎಂಬ ಪ್ರಶ್ನೆಯೂ ಇದೆ. 1936ರ ಮಾರ್ಚಿಯಲ್ಲಿ ಡೊರೋಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಕೂಲಿಕಾರರ ಬಿಡಾರದಲ್ಲಿ ಮಕ್ಕಳನ್ನು ಅವುಚಿಕೊಂಡು ಕುಳಿತ ಒಬ್ಬ ತಾಯಿಯನ್ನು ಚಿತ್ರಿಸಿದಳು. ಹೆಸರು ಕೇಳಲಿಲ್ಲ ಎಂದು ಆಕೆಯೇ ಮುಂದೆ ಬರೆದಿದ್ದಾಳೆ. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಸರ್ಕಾರವು ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆಡೆಗೆ ಹೊರಟುಹೋಗಿದ್ದಳು. ಚಿತ್ರ ಜಗತ್ಪ್ರಸಿದ್ಧವಾಯಿತು. ಚಿತ್ರದ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಚಿತ್ರವನ್ನು ಕುರಿತು ಆಕೆಗೆ ಕಹಿಯಿತ್ತು. ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಟ್ಟು ನೋಡಬೇಕು. 1970ರ ದಶಕದಲ್ಲಿ ಸಿಡುಬಿನ ನಿರ್ಮೂಲನಕ್ಕಾಗಿ ದೇಶದ ಹಳ್ಳಿಹಳ್ಳಿಗೆ ಹೋದ ಆರೋಗ್ಯ ಕಾರ್ಯಕರ್ತರ ಕೈಯಲ್ಲಿ ಒಂದು ಕಾರ್ಡು ಇರುತ್ತಿತ್ತು. ಅದರ ಮೇಲೆ ಮೈತುಂಬ ಸಿಡುಬೆದ್ದ ಒಂದು ಮಗುವಿನ ಚಿತ್ರ. ‘ಇಂಥ ಕಾಯಿಲೆ ನಿಮ್ಮ ಓಣಿಯಲ್ಲಿ ಯಾರಿಗಾದರೂ ಇದೆಯೇ’ ಎಂದು ಮನೆಮನೆಯಲ್ಲಿ ಕೇಳುತ್ತಿದ್ದರು. ಹೆಸರಿಲ್ಲದ ಆ ಮಗುವಿನ ಮುಖ ಲಕ್ಷಾಂತರ ಮನೆಗಳ ಬಾಗಿಲಿಗೆ ಹೋಯಿತು. ಈ ದೇಶ 1975ರಲ್ಲಿ ಸಿಡುಬಿನಿಂದ ಮುಕ್ತವಾಯಿತು. ಅಪ್ಪಣೆಯಿಲ್ಲದ ಪ್ರತಿಯೊಂದು ಚಿತ್ರವೂ ಅನ್ಯಾಯವೆಂದು ಸಾರುವವರು ಈ ಕಾರ್ಡಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಆ ಮಗುವಿನಿಂದ ತೆಗೆದುಕೊಂಡದ್ದು ಆ ಮಗುವಿನಂಥ ಮಕ್ಕಳಿಗೇ ಹಿಂದಿರುಗಿತು. ಲ್ಯಾಂಗಳ ಚಿತ್ರದಿಂದಲೂ ಬಿಡಾರದ ಉಳಿದವರಿಗೆ ಅನ್ನ ದೊರೆಯಿತು. ಚಿತ್ರ ಕೊಟ್ಟವಳಿಗೆ ಮಾತ್ರ ಅಂದು ಏನೂ ಹಿಂದಿರುಗಲಿಲ್ಲ. ನಮ್ಮ ಸಂತೆಯಲ್ಲಿ ತೆಗೆದ ಚಿತ್ರ ಹೈದರಾಬಾದಿನ ಸ್ಪರ್ಧೆಯೊಂದರಲ್ಲಿ ಬಹುಮಾನ ಪಡೆದರೆ ಸಂತೆಗೆ ಹಿಂದಿರುಗುವುದೇನು?

ಕಾನೂನು ಇಲ್ಲಿ ಪೂರ್ತಿ ನೆರವಾಗದು. ನ್ಯೂಯಾರ್ಕಿನಲ್ಲಿ ಒಬ್ಬ ಸಂಪ್ರದಾಯಸ್ಥ ಯಹೂದಿ ವೃದ್ಧ, ತನ್ನ ಧರ್ಮಶ್ರದ್ಧೆಗೆ ಒಪ್ಪದ ರೀತಿಯಲ್ಲಿ ಬೀದಿಯಲ್ಲಿ ತನ್ನ ಚಿತ್ರ ತೆಗೆದು ಮಾರಿದ್ದಾರೆಂದು ಮೊಕದ್ದಮೆ ಹೂಡಿದಾಗ, ಅದು ಕಲೆ, ಅಪ್ಪಣೆ ಬೇಕಿಲ್ಲ ಎಂದು 2006ರಲ್ಲಿ ತೀರ್ಪು ಬಂತು. ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಮನುಷ್ಯ ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ತನ್ನ ಖಾಸಗಿತನವನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಅದು ಸ್ಥಳಕ್ಕಲ್ಲದೆ ವ್ಯಕ್ತಿಗೆ ಅಂಟಿಕೊಂಡಿರುತ್ತದೆ ಎಂಬ ವಿಚಾರ ಆ ತೀರ್ಪಿನಲ್ಲಿದೆ. ಶಿವರಾತ್ರಿಯ ದಿನ ಝರಾಸಂಗಮದ ಅಮೃತಗುಂಡದಲ್ಲಿ ಮೀಯುವ ಹೆಂಗಸರು ಸಾವಿರ ಜನರ ನಡುವೆ ಮೀಯುತ್ತಾರೆ. ಕ್ಯಾಮರಾದ ಮುಂದೆ ಮೀಯಲು ಒಪ್ಪಿದ್ದಾರೆಂದು ಅದರಿಂದ ಅರ್ಥವಾಗುವುದಿಲ್ಲ. ಯಾರ ಕಣ್ಣೆದುರು ಏನಿರಬಹುದು ಎಂಬ ಲೆಕ್ಕವನ್ನು ಜಾತ್ರೆಯ ಜನ ಬಹು ಸೂಕ್ಷ್ಮವಾಗಿ ಇಟ್ಟುಕೊಂಡಿರುತ್ತಾರೆ.

ಮತ್ತು ನಮ್ಮ ಹಳ್ಳಿಯ ಬಡವರನ್ನು ಯಾರೂ ಚಿತ್ರಿಸುತ್ತಿಲ್ಲವೆಂದೇನೂ ಇಲ್ಲ. ಆಧಾರಿಗೆ, ಪಡಿತರ ಚೀಟಿಗೆ, ಪಿಂಚಣಿಗೆ ಅವರ ಮುಖ ಬೇಕು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋದವರ ಹಾಜರಿಯನ್ನು ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಚಿತ್ರ ತೆಗೆದೇ ಹಾಕಬೇಕೆಂದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಆಸ್ಪತ್ರೆಯಲ್ಲಿ ರೋಗಿಗೆ ಎರಡು ಬಾಳೆಹಣ್ಣು ಕೊಡುವವರು ಹಣ್ಣಿನ ಜೊತೆಗೆ ಒಬ್ಬ ಫೋಟೋಗ್ರಾಫರನನ್ನೂ ತರುತ್ತಾರೆ. ಇಷ್ಟು ಕ್ಯಾಮರಾಗಳ ಮುಂದೆ ನಿಂತು ನಿಂತು ದಣಿದ ಮುಖವೇ ಸಂತೆಯಲ್ಲಿ ನಮ್ಮ ತರುಣನ ಮಸೂರಕ್ಕೆ ‘ಸಹಜ’ವಾಗಿ ಕಾಣುವುದು. ಆ ಯಾವ ಚಿತ್ರವನ್ನೂ ಅವರು ತೆಗೆಸಿಕೊಂಡದ್ದಲ್ಲ.

ಹಾಗಾದರೆ ಸಂಕೋಚವೇ ಸರಿಯೆಂದು ಕ್ಯಾಮರಾವನ್ನು ಚೀಲದೊಳಗೇ ಇಟ್ಟುಬಿಡೋಣವೇ? ಗಡಿಯ ಕನ್ನಡಿಗರಾದ ನಮಗೆ ಅದೂ ಸಲ್ಲದು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಜಹೀರಾಬಾದ್ ತಾಲ್ಲೂಕಿನ ಬಹುಭಾಗವೂ ನಾರಾಯಣಖೇಡ ತಾಲ್ಲೂಕೂ ಬೀದರ ತಾಲ್ಲೂಕಿನ ನ್ಯಾಲ್ಕಲ್ ವಲಯವೂ ಮೇದಕ್ ಜಿಲ್ಲೆಗೆ ಸೇರಿದವು. ಗುಲ್ಬರ್ಗದ ತಾಂಡೂರೂ ಅದೇ ದಿನ ಆಂಧ್ರಪ್ರದೇಶಕ್ಕೆ ಹೋಯಿತು. ಆ ಕಾಗದಪತ್ರಗಳು ಉಳಿದಿವೆ. ಅಂದಿನ ನಮ್ಮ ಬಜಾರುಗಳಲ್ಲಿ ಕುಳಿತಿದ್ದವರ ಮುಖಗಳು ಉಳಿದಿಲ್ಲ. ಕನ್ನಡ ಶಾಲೆಯ ಮಾಸ್ತರರು, ಗುಡಿಯಲ್ಲಿ ಭಜನೆ ಹೇಳುತ್ತಿದ್ದವರು, ಕಣದಲ್ಲಿ ಹಂತಿಯ ಹಾಡು ಹೇಳುತ್ತಿದ್ದವರು, ಅವರ ಹೆಸರುಗಳು ಕೆಲವರ ನೆನಪಿನಲ್ಲಿದ್ದರೂ ಮುಖ ಯಾವ ಕಾಗದದ ಮೇಲೂ ಇಲ್ಲ. ಯಾರೂ ತೆಗೆಯಲಿಲ್ಲ, ತೆಗೆಸಿಕೊಳ್ಳಲು ಅವರಲ್ಲಿ ದುಡ್ಡಿರಲಿಲ್ಲ. ಇಂದು ನಾವು ತೆಗೆಯದಿದ್ದರೆ ಇಂದಿನವರೂ ಹಾಗೆಯೇ ಹೋಗುತ್ತಾರೆ. ಸಂಕೋಚವನ್ನು ಸದ್ಗುಣವೆಂದು ಹೊಗಳಿ ಮನೆಯಲ್ಲಿ ಕುಳಿತವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದ್ದರಿಂದ ಮಾಡಬೇಕಾದದ್ದು ಬಹಳ ಸಾಮಾನ್ಯವಾದ ಕೆಲಸ. ಮೊದಲ ಎರಡು ಮೂರು ವಾರ ಕ್ಯಾಮರಾ ಇಲ್ಲದೆ ಸಂತೆಗೆ ಹೋಗುವುದು. ಕೊಳ್ಳುವುದು, ಚೌಕಾಸಿ ಮಾಡುವುದು, ಮಳೆಯ ಮಾತಾಡುವುದು. ಆಮೇಲೆ ಕ್ಯಾಮರಾವನ್ನು ಕೊರಳಿಗೆ, ಎಲ್ಲರಿಗೂ ಕಾಣುವಂತೆ, ಹಾಕಿಕೊಂಡು ಹೋಗುವುದು. ಆಮೇಲೆ ಕೇಳುವುದು. ಕೇಳುವ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ತೊಡಕಿದೆ, ಅದೇ ಒಂದು ಅನುಕೂಲವೂ ಹೌದು. ಯಾವ ಭಾಷೆಯಲ್ಲಿ ಕೇಳಬೇಕು? ‘ಯವ್ವಾ, ಒಂದ್ ಫೋಟೋ ತೆಗೀಲೇನು?’ ಎನ್ನಬೇಕೋ, ‘ಅಮ್ಮಾ, ಫೋಟೋ ತೀಯ್ನಾ?’ ಎನ್ನಬೇಕೋ, ‘ಚಾಚಾ, ಏಕ್ ಫೋಟೋ ಲೇವೂಂ ಕ್ಯಾ?’ ಎನ್ನಬೇಕೋ, ‘ಕಾಕಾ, ಫೋಟೋ ಕಾಢೂ ಕಾ?’ ಎನ್ನಬೇಕೋ ಎಂದು ತಿಳಿಯಬೇಕಾದರೆ ಮೊದಲು ಎದುರಿನವರ ಮಾತು ಕಿವಿಗೆ ಬೀಳುವಷ್ಟು ಹೊತ್ತು ಅಲ್ಲಿ ನಿಂತಿರಬೇಕು. ತಪ್ಪಾದ ಭಾಷೆಯಲ್ಲಿ ಕೇಳಿದರೆ ಅವರು ನಕ್ಕು ಸರಿಯಾದ ಭಾಷೆಯಲ್ಲಿ ಉತ್ತರ ಕೊಡುತ್ತಾರೆ, ‘ಯಾವೂರ್ರಿ ನಿಮ್ದು?’ ಎಂದು ಅವರೇ ವಿಚಾರಣೆ ಆರಂಭಿಸುತ್ತಾರೆ. ಯಾರ ಮನೆಯವರು, ಅವರ ಅಳಿಯ ನಮ್ಮೂರಿನವನಲ್ಲವೇ ಎಂಬಲ್ಲಿಗೆ ಮಾತು ಬರಲು ಹೆಚ್ಚು ಹೊತ್ತು ಬೇಕಿಲ್ಲ. ನ್ಯಾಲ್ಕಲ್ಲಿನ ಬೀದಿಯಲ್ಲಿ ಅಪರಿಚಿತರಾಗಿ ಉಳಿಯುವುದೇ ನಿಜವಾಗಿ ಕಷ್ಟ.

ಕೇಳಿದ ಮೇಲೆ ‘ಬ್ಯಾಡ’ ಎಂದರೆ ಅದು ಪೂರ್ಣ ಉತ್ತರ. ಕಾರಣ ಕೇಳಬಾರದು, ಒತ್ತಾಯಿಸಬಾರದು, ಹತ್ತು ರೂಪಾಯಿ ತೋರಿಸಬಾರದು, ತಿರುಗಿ ಬರುವಾಗ ದೂರದಿಂದ ಕದಿಯಬಾರದು. ಮಕ್ಕಳು ತಾವಾಗಿಯೇ ಓಡಿ ಬಂದು ಸಾಲುಗಟ್ಟಿ ನಿಂತರೂ ಹತ್ತಿರದ ದೊಡ್ಡವರ ಮುಖವನ್ನೊಮ್ಮೆ ನೋಡಬೇಕು.

‘ಆಗಲಿ’ ಎಂದವರಲ್ಲಿ ಅನೇಕರು ಒಂದು ಷರತ್ತು ಹಾಕುತ್ತಾರೆ: ‘ಇವತ್ತು ಬ್ಯಾಡ, ಮುಂದಿನ ವಾರ ಬಾ, ಛಲೋ ಸೀರಿ ಉಟ್ಕೊಂಡ್ ಬರ್ತೀನಿ.’ ಬೀದಿ ಚಿತ್ರಗ್ರಹಣದ ಪಂಡಿತರಿಗೆ ಇದಕ್ಕಿಂತ ನಿರಾಸೆಯ ಮಾತಿಲ್ಲ. ಅವರಿಗೆ ಬೇಕಾದದ್ದು ಆ ಹಳೆಯ ಸೀರೆ, ಆ ಬೆವರು, ಆ ಮಧ್ಯಾಹ್ನದ ಬಿಸಿಲು. ಮುಂದಿನ ವಾರ ಆ ಯವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು, ಮೆಣಸಿನಕಾಯಿಯ ರಾಶಿಯನ್ನು ಬಿಟ್ಟು ಗೋಡೆಯ ಮುಂದೆ ಸೆಟೆದು ನಿಲ್ಲುತ್ತಾಳೆ. ನಗುವುದೂ ಇಲ್ಲ. ಆ ಸೆಟೆತವನ್ನು ಕೃತಕವೆನ್ನುವವರು ಅದರಲ್ಲಿರುವ ಕೆಲಸವನ್ನು ಕಾಣುತ್ತಿಲ್ಲ. ತಾನು ಹೇಗೆ ಉಳಿಯಬೇಕೆಂದು ಒಬ್ಬ ಹೆಂಗಸು ಒಂದು ವಾರ ಯೋಚಿಸಿ ತಂದ ಉತ್ತರ ಅದು. ಸ್ಪರ್ಧೆಗೆ ಕಳಿಸಲು ಯೋಗ್ಯವಲ್ಲದಿರಬಹುದು.

ಇನ್ನುಳಿದದ್ದು ಒಂದು ಸಣ್ಣ ಖರ್ಚಿನ ಮಾತು. ಮೊಬೈಲಿನಲ್ಲಿ ತೋರಿಸಿದರೆ ಸಾಲದು. ಕಾಗದದ ಮೇಲೆ ಅಚ್ಚು ಹಾಕಿಸಿ, ಮುಂದಿನ ಸಂತೆಗೆ ಕೊಂಡೊಯ್ದು ಕೈಯಲ್ಲಿಡಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಚಿತ್ರ ಇರುವುದಿಲ್ಲ. ಆಗ ಮಕ್ಕಳು ಆಧಾರ್ ಕಾರ್ಡನ್ನು ಹಿಡಿದುಕೊಂಡು ಸ್ಟುಡಿಯೋಗೆ ಓಡುತ್ತಾರೆ. ಅಂಗುಲದಷ್ಟು ಚಿತ್ರವನ್ನು ದೊಡ್ಡದು ಮಾಡಿ, ಮಸುಕಾದ ಮುಖಕ್ಕೆ ಬಣ್ಣ ತುಂಬಿ, ಹಿಂದೆ ನೀಲಿ ಆಕಾಶ ಹಾಕಿಸಿ ತರುತ್ತಾರೆ. ಎಂದೋ ಒಂದು ಕೌಂಟರಿನ ಮುಂದೆ ‘ಇತ್ತ ನೋಡು’ ಎಂದು ಗದರಿಸಿ ತೆಗೆದ ಚಿತ್ರಕ್ಕೆ ಹಾರ ಬೀಳುತ್ತದೆ. ಇಳಕಲ್ ಸೀರೆಯಲ್ಲಿ ಸೆಟೆದು ನಿಂತ ಚಿತ್ರ ಕೈಗೆ ಬಂದ ಯವ್ವ ಅದನ್ನು ಸೆರಗಿನಿಂದ ಒರೆಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಪಕ್ಕದಲ್ಲಿ ಉಳ್ಳಾಗಡ್ಡಿ ಮಾರುವವಳಿಗೆ ತೋರಿಸಿ, ಅರಿಶಿನದ ಪೊಟ್ಟಣದ ಕೆಳಗೆ ಚೀಲದಲ್ಲಿ ಭದ್ರವಾಗಿಡುತ್ತಾಳೆ. ಉಳ್ಳಾಗಡ್ಡಿ ಮಾರುವವಳು ತಲೆಯೆತ್ತಿ ‘ನಂದೂ ಒಂದ್ ತೆಗಿಯಪ್ಪಾ’ ಎನ್ನುತ್ತಾಳೆ.